ಹಿಡಿಯೋರ ಕೋಣೆ

…ಹಾಗಲ್ಲ ಕೋಚ್, ಹಾಗೆ ಹಿಸುಕಿದ್ರೆ ರಸ ಎಲ್ಲಾ ನಿಮ್ಮ ಶರ್ಟಿಗೇ ಹಾರೋದು. ತಲೆ ಒಂದು ಕೈಲಿ, ಬಾಲ ಒಂದು ಕೈಲಿ. ತಿರುಚಿ. ಈಗ ಎಳೀರಿ. ಬಂತಲ್ಲ... ಬಾಲದ ಚಿಪ್ಪು ಒಂದು ಸುತ್ತು ಬಿಡಿಸಿ, ಕೆಳಗಡೆ ಚಿವುಟಿ. ಆಯ್ತು. ಇಷ್ಟೇ. ಓಹಾಯೋ ಬಿಟ್ಟು ನಮ್ಮ ಲೂಯಿಸಿಯಾನಕ್ಕೆ ಬಂದು ಏಳು ವರ್ಷ ಆಯ್ತು ನಿಮಗೆ. ಇನ್ನೂ ಗದ್ದೆಸಿಗಡಿ ಸುಲಿಯೋಕೆ ಬರಲ್ಲ ಅಂದ್ರೆ ನಮ್ಮಜ್ಜಿ ನಿಮ್ಮನ್ನ ಮನುಷ್ಯರ ಲೆಕ್ಕಕ್ಕೇ ಸೇರಿಸಲ್ಲ.

ಏನಾಯ್ತು? ಉರೀತಾ? ತೋರಿಸಿ ಇಲ್ಲಿ. ಹೆಬ್ಬೆರಳ ಪಕ್ಕ ಗೀರಿದೆ ನೋಡಿ, ಕೊಂಡಿ ತಾಗಿದೆ. ಅದರೊಳಗೆ ಈ ಮಸಾಲೆ ಖಾರ ಇಳೀತು ಅಂದ್ರೆ ಮುಗೀತು, ಕಣ್ಣಲ್ಲಿ ನೀರು ತರಿಸದೆ ಬಿಡಲ್ಲ. ಊದಬೇಡಿ, ಊದಿದ್ರೆ ಇನ್ನೂ ಜಾಸ್ತಿ. ಆ ಲೋಟದಲ್ಲಿ ಹಾಲಿದೆ, ಬೆರಳು ಅದ್ದಿ. ನಿಮಗೋಸ್ಕರ ಅಂತಲೇ ಅಜ್ಜಿ ಇಟ್ಟು ಹೋಗಿದ್ದು. ಓಹಾಯೋದವರು ಬರ್ತಾರೆ, ಹಾಲು ಬೇಕಾಗುತ್ತೆ ಅಂದ್ಲು... ನಗ್ತಾ ಇಲ್ಲ. ಸರಿ, ನಗ್ತಾ ಇದೀನಿ. ಇಲ್ಲಿ ಹಲ್ಲು ಬರದಿರೋ ಮಕ್ಕಳೂ ಈ ಉರಿಗೆ ಅಳಲ್ಲ ಕೋಚ್.

ಏನು ಹುಡುಕ್ತಿದೀರಿ? ಸಾಸೇಜಾ? ಇವತ್ತು ಶುಭ ಶುಕ್ರವಾರ. ಮೀನು ಸಿಗಡಿ ಬಿಟ್ಟು ಬೇರೆ ಮಾಂಸ ಮುಟ್ಟಿದ್ರೆ ಅಜ್ಜಿ ಸೌಟು ತಗೊಂಡು ಬರ್ತಾಳೆ. ಆಲೂಗಡ್ಡೆ ತಿನ್ನಿ, ಜೋಳ ತಿನ್ನಿ. ಅಜ್ಜಿ ಚರ್ಚಿಗೆ ಹೋಗಿದಾಳೆ, ಶಿಲುಬೆ ಹಾದಿ ಪ್ರಾರ್ಥನೆಗೆ. ಅವಳು ಬರೋದರೊಳಗೆ ಈ ಮೇಜಿನ ಮೇಲಿನ ರಾಶಿ ಕರಗಿಸಬೇಕು. ಇಲ್ಲ ಅಂದ್ರೆ ಅಡುಗೆ ಚೆನ್ನಾಗಿರಲಿಲ್ವಾ ಅಂತ ಮುಂದಿನ ಈಸ್ಟರ್ ತನಕ ಕೇಳ್ತಾಳೆ.

ಹ್ಞಾಂ, ಹ್ಞಾಂ. ಗೊತ್ತು. ನೀವು ಅಷ್ಟು ದೂರದಿಂದ ಕಾರು ಓಡಿಸ್ಕೊಂಡು ಬಂದಿದ್ದು ಸಿಗಡಿಗಲ್ಲ. ಪ್ರತಿ ವರ್ಷ ಕಾಲೇಜು ಬಿಡೋ ಹುಡುಗರ ಮನೆಗೆ ಬರ್ತೀರಿ, ಕೊಟ್ಟಿದ್ದು ತಿಂತೀರಿ, ಒಂದೇ ಒಂದು ಪ್ರಶ್ನೆ ಕೇಳ್ತೀರಿ. ನಮಗೆಲ್ಲಾ ಬಾಯಿಪಾಠ. ಕೋಣೇನ, ಅಂದ್ರೆ ತಂಡದಲ್ಲಿ ನಿನ್ನ ಜಾಗದಲ್ಲೇ ಆಡೋ ಹುಡುಗರನ್ನ, ಸಾಲಾಗಿ ನಿಲ್ಲಿಸು. ಇವತ್ತು ಯಾರು ಚೆನ್ನಾಗಿ ಆಡ್ತಾನೆ ಅಂತಲ್ಲ. ಬಾಳಿಕೆ. ಯಾರ ಆಟ ಮುಂದೆ ಹೆಚ್ಚು ವರ್ಷ ಬಾಳಿಕೆ ಬರುತ್ತೆ. ಒಂದರಿಂದ ಕೊನೇ ತನಕ. ತನ್ನ ಹೆಸರು ಬಿಡೋ ಹಾಗಿಲ್ಲ. ಆಟಗಾರನ ದಲ್ಲಾಳಿ ಸುಳ್ಳು ಹೇಳ್ತಾನೆ, ಅಪ್ಪ ಅಮ್ಮ ಸುಳ್ಳು ಹೇಳ್ತಾರೆ, ಒಂದೇ ಕೋಣೇಲಿ ಬೆವರು ಒರೆಸ್ಕೊಂಡ ಹುಡುಗರು ಮಾತ್ರ ಒಬ್ಬರ ಬಗ್ಗೆ ಒಬ್ಬರು ಸುಳ್ಳು ಹೇಳಲ್ಲ. ನಿಮ್ಮದೇ ಮಾತು. ತನ್ನ ಬಗ್ಗೆ ತಾನು ಹೇಳ್ತಾನೋ ಇಲ್ವೋ, ಅದನ್ನ ನೀವು ಯಾವತ್ತೂ ಹೇಳಲಿಲ್ಲ.

ನೆನಪಿದೆಯಾ, ನಾನು ಬಂದ ಮೊದಲನೇ ದಿನ? ಬೋರ್ಡಿನ ಮೇಲೆ ಒಂದೇ ಪದ ಬರೆದಿದ್ರಿ. ಹಿಡಿಯೋರು. ನಮ್ಮ ಅಮೆರಿಕನ್ ಫುಟ್‌ಬಾಲಲ್ಲಿ ಎಸೆಯೋನ ಕೋಣೆ ಬೇರೆ, ಗುದ್ದೋರ ಕೋಣೆ ಬೇರೆ, ಇಲ್ಲಿ ಬರೀ ಹಿಡಿಯೋರು ಅಂದ್ರಿ. ಓಡೋದು ಎಲ್ಲರಿಗೂ ಬರುತ್ತೆ, ನಾಯಿಗೂ ಬರುತ್ತೆ. ಕೈ ತೋರಿಸಿ ಅಂದ್ರಿ. ಎಲ್ಲರೂ ಎರಡೂ ಹೆಬ್ಬೆರಳು, ಎರಡೂ ತೋರುಬೆರಳು ಸೇರಿಸಿ ಮುಖದ ಮುಂದೆ ಹಿಡೀಬೇಕು. ನಡುವೆ ಒಂದು ಕಿಟಕಿ ಆಗುತ್ತಲ್ಲ... ಆ ಕಿಟಕಿಯೊಳಗಿಂದ ಚೆಂಡು ನೋಡು, ಕಿಟಕಿಯೊಳಗೇ ಹಿಡಿ. ಆವತ್ತು ನಾನು ಹಾಸ್ಟೆಲ್ಲಿಗೆ ಹೋಗಿ ಮಲಗಿದ್ದೂ ಹಾಗೇ, ಕಿಟಕಿ ಮಾಡ್ಕೊಂಡು. ರೂಮಿನವನು ನನಗೆ ಹುಚ್ಚು ಅಂತಲೇ ತಿಳ್ಕೊಂಡಿದ್ದ.

ಫೋನು ಮಗುಚಿ ಇಟ್ಟಿದೀರಿ. ದುಡ್ಡಿಗೆ ಆಡಿಸೋ ದೊಡ್ಡ ಲೀಗಿನವರು ಮಾಡ್ತಾರಾ? ಇವತ್ತೇ? ರಜಾ ದಿನಾನೂ ಬಿಡಲ್ವಾ ಅವರು... ನನ್ನ ಬಗ್ಗೆನೇ? ಸರಿ. ಅಂದ್ರೆ ಇವತ್ತು ನೀವು ಒಂದು ಥರ ಹೇಳಿದ್ರೆ ಈ ತಿಂಗಳ ಕೊನೇಲಿ ಅವರ ತಂಡಗಳು ಹೊಸ ಹುಡುಗರನ್ನ ಆರಿಸುವಾಗ ಟೀವಿಲಿ ನನ್ನ ಹೆಸರು ಕೂಗ್ತಾರೆ. ಇನ್ನೊಂದು ಥರ ಹೇಳಿದ್ರೆ ಕೂಗಲ್ಲ. ಅಷ್ಟೇ ತಾನೆ? ಒಳ್ಳೇದು. ಇನ್ನೊಂದು ಸಿಗಡಿ ತಗೊಳ್ಳಿ.

ಈ ಮೇಜಿಗೆ ಹಾಸಿರೋ ಪೇಪರ್ ನೋಡಿದ್ರಾ? ಆ ಆಲೂಗಡ್ಡೆ ಸರಿಸಿ. ಹ್ಞಾಂ, ನಾವೇ. ಈ ವಾರ ಅವನೂ ನಮ್ಮನ್ನ ಸಾಲಾಗಿ ನಿಲ್ಲಿಸಿದಾನೆ, ಪೇಪರಿನವನು. ಇಲ್ಲಿ ಯಾರು ನಿಲ್ಲಿಸಲ್ಲ ಹೇಳಿ. ಕ್ಷೌರದ ಅಂಗಡಿಯವನು ಅರ್ಧ ತಲೆ ಬೋಳಿಸಿ, ಕತ್ತರಿ ಕೆಳಗಿಟ್ಟು, ಯಾರು ಮೊದಲು ಯಾರು ಆಮೇಲೆ ಅಂತ ವಾದಕ್ಕೆ ನಿಲ್ತಾನೆ. ಪಾದ್ರಿಗಳು ಪ್ರಸಂಗದ ಮಧ್ಯೆ ಸಂತ ಪೇತ್ರನ ಜೊತೆ ನನ್ನ ಹೆಸರು ತಂದ್ರು ಹೋದ ಭಾನುವಾರ. ಅವನೂ ಬಲೆ ಬೀಸಿ ಹಿಡಿಯೋನು, ನಮ್ಮ ಟ್ರೇಲನ್ ಕೂಡ ಹಿಡಿಯೋನು ಅಂತ. ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ಲು. ನಾನು ಬೆಂಚಿನ ಕೆಳಗೆ ಹೋಗೋದೊಂದು ಬಾಕಿ.

ಸರಿ. ಕೇಳ್ಕೊಳ್ಳಿ. ಕೆಳಗಿಂದ ಹೇಳ್ತೀನಿ, ಮೇಲಿಂದ ಹೇಳಿದ್ರೆ ನೀವು ಉಳಿದಿದ್ದು ಕೇಳಲ್ಲ.

ನಾಲ್ಕು, ಮಾರ್ಲೊ. ಮಾರ್ಲೊ ಟೀಗ್. ಯಾಕೆ ಹುಬ್ಬು ಹಾರಿಸ್ತೀರಿ? ಪೇಪರಿನವನು ಅವನನ್ನ ಮೊದಲನೇ ಜಾಗದಲ್ಲಿ ಇಟ್ಟಿದಾನೆ, ಗೊತ್ತು. ಓಟ ನೋಡಿ ಇಟ್ಟಿದಾನೆ. ಮಾರ್ಲೊ ಓಡಿದ್ರೆ ಅವನ ನೆರಳು ಹಿಂದೆ ಉಳಿದು ಏದುಸಿರು ಬಿಡುತ್ತೆ, ಒಪ್ಪಿದೆ. ಆದ್ರೆ ಕೈ? ಅಲ್ಲಾ ಕೋಚ್, ಅಕ್ಟೋಬರಿನಲ್ಲಿ ನಡೆದಿದ್ದು ನೀವೇ ನೋಡಿದೀರಿ. ಸುತ್ತ ಒಂದು ನರಪಿಳ್ಳೆ ಇಲ್ಲ, ಎದುರಿಗೆ ಖಾಲಿ ಮೈದಾನ. ಚೆಂಡು ಬಂದು ಕೈಯಲ್ಲಿ ಕೂತೇ ಬಿಡ್ತು. ಇವನು ಆಗಲೇ ಓಡೋಕೆ ಶುರು ಮಾಡಿದಾನೆ! ಚೆಂಡು ಹಿಂದೆ ಉಳೀತು, ಇವನು ಮುಂದೆ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. ಬ್ಯಾಂಡಿನವರು ಊದೋದೇ ನಿಲ್ಲಿಸಿಬಿಟ್ರು. ದೊಡ್ಡ ಲೀಗಿನವರು ಅವನನ್ನ ತಗೋತಾರೆ, ಆ ಕಾಲಿಗೋಸ್ಕರ. ಕಾಲು ಮೊದಲು ಹೋಗೋದು. ಅದು ಹೋದ ಮೇಲೆ ಅವನ ಹತ್ರ ಏನಿರುತ್ತೆ? ಒಳ್ಳೆ ಹುಡುಗ. ಬಾಳಿಕೆ ಇಲ್ಲ.

ಮೂರು, ಕೋಡಿ. ಕೋಡಿ ಲೆಬ್ಲಾಂ. ಇವತ್ತು ನೀವು ತಿಂತಿರೋ ಮೂಟೆ ಅವನೇ ಬೆಳಿಗ್ಗೆ ತಂದು ಹಾಕಿದ್ದು. ಅವರಪ್ಪನ ಭತ್ತದ ಗದ್ದೆಯದು. ಕೊಯ್ಲಾದ ಮೇಲೆ ನೀರು ನಿಲ್ಲಿಸಿ ಸಿಗಡಿ ಬಿಡ್ತಾರಲ್ಲ, ಅಲ್ಲಿ ಹಿಡಿದಿದ್ದು. ಕೋಡಿ ಓಡಿದ್ರೆ ನಮ್ಮಜ್ಜಿ ಹಿಂದೆ ಹಾಕ್ತಾಳೆ. ಆದ್ರೆ ಅವನು ಒಂದು ಚೆಂಡು ಬಿಟ್ಟಿದ್ದು ಯಾರೂ ನೋಡಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚ್ತಾನೆ. ಹತ್ತು ಹೆಜ್ಜೆ ಹೋಗು ಅಂದ್ರೆ ಹತ್ತೇ ಹೆಜ್ಜೆ ಹೋಗ್ತಾನೆ, ತಿರುಗ್ತಾನೆ, ಹಿಡೀತಾನೆ, ಬೀಳ್ತಾನೆ, ಎದ್ದು ಚೆಂಡು ರೆಫರಿಗೆ ಕೊಡ್ತಾನೆ. ಅಂಥವನನ್ನ ಯಾವುದೋ ತಂಡ ಕೊನೇ ಮೂಲೇಲಿ ಕೂರಿಸಿಕೊಳ್ಳುತ್ತೆ, ಮರೆತುಬಿಡುತ್ತೆ. ಹತ್ತು ವರ್ಷ ಆದ ಮೇಲೆ ನೋಡಿದ್ರೆ ಅಲ್ಲೇ ಕೂತಿರ್ತಾನೆ. ನಗ್ತೀರಲ್ಲ... ನಿಜ ತಾನೆ?

ತಡೀರಿ, ಬಾಟಲಿ ಬಿತ್ತು. ಇಲ್ಲ ಇಲ್ಲ, ನಾನೇ ತಗೋತೀನಿ. ಜಿಡ್ಡು, ಬೆರಳೆಲ್ಲಾ ಜಿಡ್ಡು. ಜಾರ್ತು. ಎರಡನೇದು ಬಿದ್ದಿದ್ದಾ ಇದು? ಬಿಡಿ, ಬೆಣ್ಣೆ ಜಾಸ್ತಿ ಹಾಕಿದಾಳೆ ಅಜ್ಜಿ.

ಎರಡು. ಎರಡು, ಐಸೇಯಾ. ಮೊದಲನೇ ವರ್ಷದ ಹುಡುಗನನ್ನ ಎರಡಕ್ಕೆ ಯಾಕೆ ಅಂತ ಕೇಳಬೇಡಿ. ಬೆಳೆಯೋ ಸಿರಿ ಮೊಳಕೇಲೇ ಕಾಣುತ್ತೆ. ಅವನ ಒಂದು ಅಂಗೈ ಅಂದ್ರೆ ನನ್ನ ಎರಡು. ಆದ್ರೆ ಬಂದ ಹೊಸದರಲ್ಲಿ ಊಟಕ್ಕೆ ಕೂತಾಗೆಲ್ಲಾ ಅಳ್ತಿದ್ದ, ಗೊತ್ತಾ? ಅಮ್ಮನ ಬೆಂಡೆಕಾಯಿ ಗಂಬೋ ಸಾರು ಬೇಕು ಅಂತ. ಆರಡಿ ನಾಲ್ಕಂಗುಲದ ಗಂಡಸು. ನಾನೇ ಇಲ್ಲಿಗೆ ಕರ್ಕೊಂಡು ಬಂದೆ, ಅಜ್ಜಿ ಮಾಡಿ ಬಡಿಸಿದ್ಲು, ಮೂರು ಬಟ್ಟಲು ತಿಂದು ಅಲ್ಲೇ ಆ ಸೋಫಾ ಮೇಲೆ ನಿದ್ದೆ ಹೋದ. ಆವತ್ತಿಂದ ನನ್ನ ಬಾಲ. ಅಣ್ಣಾ ಅಣ್ಣಾ ಅಂತ ಎಲ್ಲಿ ಹೋದ್ರೂ ಹಿಂದೆ. ಬೆಳಿಗ್ಗೆ ಬಂದು ನನ್ನ ಶೂ ಲೇಸು ಕಟ್ತಾನೆ, ಕೈಗವಸಿನ ಪಟ್ಟಿ ಎಳೆದು ಬಿಗೀತಾನೆ, ಶರ್ಟಿನ ಗುಂಡಿ...

ಏನು?

ಇಲ್ಲ, ಅದು... ರೂಢಿ. ಹೊಸಬ ಹಳಬನಿಗೆ ಕಟ್ಟಬೇಕು. ತಮಾಷೆ ಕೋಚ್, ಹುಡುಗರ ತಮಾಷೆ. ನಮ್ಮ ಕೋಣೇಲಿ ಇಂಥ ರೂಢಿ ಇಲ್ಲ ಅಂತೀರಾ? ಹೊಸದು. ಈ ವರ್ಷ ಶುರುವಾಯ್ತು. ಜನವರಿಯಿಂದ.

ಹಾಗೆ ನೋಡಬೇಡಿ. ನೀವು ಪಂದ್ಯದ ವಿಡಿಯೋ ಹಿಂದೆ ಮುಂದೆ ಓಡಿಸುವಾಗ ಹೀಗೇ ನೋಡೋದು.

ಡಿಸೆಂಬರಿನ ವಿಷಯ ತಾನೆ? ನೀವು ಕೇಳೋ ಮುಂಚೆ ನಾನೇ ಹೇಳ್ತೀನಿ. ಕೊನೇ ಪಂದ್ಯದಲ್ಲಿ ಪೆಟ್ಟು ಬಿತ್ತು, ಹೌದು. ಮಧ್ಯದಲ್ಲಿ ಅಡ್ಡ ಓಡ್ತಿದ್ದೆ, ಚೆಂಡು ಸ್ವಲ್ಪ ಮೇಲೆ ಬಂತು, ನೆಗೆದು ಹಿಡಿದೆ. ಕೆಳಗೆ ಬರೋ ಮುಂಚೆ ಎದುರು ತಂಡದ ಆ ಎಮ್ಮೆ ಬಂದು ಎಡಭುಜಕ್ಕೆ ಗುದ್ದಿದ. ಕುತ್ತಿಗೆ ಒಂದು ಕಡೆ, ಭುಜ ಒಂದು ಕಡೆ. ಚೇಳು ಕಡೀತು ಅಂತೀವಲ್ಲ ನಾವು, ಅದು. ಹಿಡಿಯೋರಿಗೆ ಯಾರಿಗೆ ಕಡಿದಿಲ್ಲ ಚೇಳು? ಕುತ್ತಿಗೆಯಿಂದ ಬೆರಳ ತುದಿ ತನಕ ಕರೆಂಟು ಹೊಡೆದ ಹಾಗೆ ಸುಟ್ಕೊಂಡು ಹೋಗುತ್ತೆ, ಕೈ ಜೋಮು ಹಿಡಿಯುತ್ತೆ, ಒದರಿದ್ರೆ ಸರಿ ಹೋಗುತ್ತೆ. ನಾನೂ ಒದರಿದೆ. ಎದ್ದು ಬಂದೆ. ಚೆಂಡು ಬಿಡಲಿಲ್ಲ, ನೆನಪಿದೆ ತಾನೆ? ನೀವೇ ಬೆನ್ನು ತಟ್ಟಿದ್ರಿ. ಎರಡು ದಿನ ಜೋಮಿತ್ತು. ಎರಡೇ ದಿನ.

ಆಮೇಲೆ ಮಾರ್ಚಿನಲ್ಲಿ ದೊಡ್ಡ ಲೀಗಿನವರೆಲ್ಲಾ ನಮ್ಮ ಮೈದಾನಕ್ಕೆ ಬಂದು ಕೂತಿದ್ರಲ್ಲ, ಪರೀಕ್ಷೆ ದಿನ. ಒಂದಾದ್ರೂ ಬಿಟ್ನಾ? ಒಂದು? ಎತ್ತರಕ್ಕೆ ಬಂದಿದ್ದು ಹಿಡಿದೆ, ಮೊಣಕಾಲಿಗೆ ಬಂದಿದ್ದು ಹಿಡಿದೆ, ಬೆನ್ನ ಹಿಂದೆ ಬಂದಿದ್ದು ಹಿಡಿದೆ. ಅವರ ಡಾಕ್ಟರು ಕೈ ಅದುಮು ಅಂದ್ರು, ಅದುಮಿದೆ. ಸೂಜಿ ಚುಚ್ಚಿ ಗೊತ್ತಾಗುತ್ತಾ ಅಂದ್ರು, ಗೊತ್ತಾಗುತ್ತೆ ಅಂದೆ. ಸಹಿ ಹಾಕಿ ಕಳಿಸಿದ್ರು. ಇನ್ನೇನು ಬೇಕು?

ಹ್ಞಾಂ. ಅದನ್ನ ಹೇಳಿ ಮತ್ತೆ. ಅದಕ್ಕೇ ಬಂದಿದ್ದು ನೀವು. ನಾನು ಚೆಂಡನ್ನ ತುಂಬಾ ಹೊತ್ತು ನೋಡ್ತಿದ್ದೆ ಅಂತ.

ಅಲ್ಲಾ, ಇದೊಳ್ಳೆ ಕಥೆ ಆಯ್ತು. ನಾಲ್ಕು ವರ್ಷ ಗಂಟಲು ಹರ್ಕೊಂಡಿದ್ದು ಯಾರು? ನೋಡು, ನೋಡು, ಬೆರಳಿಗೆ ಬಂದು ಸೇರೋ ತನಕ ನೋಡು ಅಂತ! ನಾವ್ಯಾರೂ ನೋಡ್ತಿರಲಿಲ್ಲ. ಚೆಂಡು ಇನ್ನೂ ಒಂದು ಮೊಳ ದೂರ ಇರುವಾಗಲೇ ಕತ್ತು ತಿರುಗಿಸಿ ಓಡೋ ದಾರಿ ಹುಡುಕ್ತಿದ್ವಿ. ಯಾಕಂದ್ರೆ ಉಳಿದಿದ್ದು ಕೈಗೇ ಗೊತ್ತಿರುತ್ತೆ. ಎಲ್ಲಾ ಹಿಡಿಯೋರೂ ಮಾಡೋ ತಪ್ಪು ಅದು, ನೀವೇ ಅಂತಿದ್ರಿ. ಈಗ ನಾನೊಬ್ಬ ನೋಡ್ತೀನಿ. ಕಿಟಕಿಯೊಳಗೆ ಬರೋ ತನಕ ನೋಡ್ತೀನಿ. ಬಂದ ಮೇಲೂ ಬೆರಳು ಮಡಚಿದಾವಾ ಅಂತ ನೋಡ್ತೀನಿ. ಹೇಳಿದ ಮಾತು ಕೇಳಿದ್ರೂ ಅನುಮಾನ ಪಡ್ತೀರಲ್ಲ ಕೋಚ್.

ತಿನ್ನಿ. ಆರಿ ಹೋಗುತ್ತೆ.

ಅಜ್ಜಿ ಚರ್ಚಿನ ಹಾಲ್ ಕೇಳಿದಾಳೆ, ಗೊತ್ತಾ? ಹೆಸರು ಕೂಗೋ ದಿನಕ್ಕೆ. ಮಡಚೋ ಕುರ್ಚಿ, ದೊಡ್ಡ ಟೀವಿ. ಹೊಳೆ ಆಚೆ ದಡದವರಿಗೂ ಹೇಳಿದಾಳೆ. ಹೊಸ ಟೋಪಿ ತಗೊಂಡಿದಾಳೆ, ಹಳದಿದು, ಮೇಲೆ ಹಣ್ಣಿನ ಬುಟ್ಟಿ ಇಟ್ಟ ಹಾಗಿದೆ. ಟೀವಿಯವರು ತನ್ನನ್ನೂ ತೋರಿಸ್ತಾರೆ ಅಂತ. ದಿನಾ ಕನ್ನಡಿ ಮುಂದೆ ಹಾಕ್ಕೊಂಡು ನೋಡ್ತಾಳೆ. ಎಲ್ಲರೂ ಸಂತೋಷವಾಗಿದಾರೆ. ದಾರೀಲಿ ನಿಲ್ಲಿಸಿ ತಬ್ಕೋತಾರೆ. ನಾನೂ ಸಂತೋಷವಾಗಿರಬೇಕು... ಇದೀನಿ ಅನ್ಸುತ್ತೆ. ಗೊತ್ತಿಲ್ಲ ಕೋಚ್. ಬೆಳಿಗ್ಗೆ ಏಳ್ತೀನಿ, ಓಡ್ತೀನಿ, ತಿಂತೀನಿ, ಮಲಗ್ತೀನಿ. ಯಾರೋ ಬೇರೆಯವರ ಮದುವೆ ಮನೇಲಿ ಓಡಾಡ್ತಿರೋ ಹಾಗೆ. ಏನೂ ಅನ್ಸಲ್ಲ. ಭಯ ಮಾತ್ರ ಆಗುತ್ತೆ. ಭಯ ಚೆನ್ನಾಗಿ ಗೊತ್ತಾಗುತ್ತೆ.

ಯಾಕೆ ಭಯ ಅಂದ್ರೆ... ಇದು ಬಿಟ್ರೆ ನನಗೇನು ಬರುತ್ತೆ? ಕೋಡಿಗೆ ಗದ್ದೆ ಇದೆ. ಮಾರ್ಲೊಗೆ ಬಾಯಿ ಇದೆ, ಹಳೇ ಕಾರಾದ್ರೂ ಮಾರ್ಕೊಂಡು ಬದುಕ್ತಾನೆ. ನಾನು ಹಿಡಿಯೋನು. ಆರು ವರ್ಷದವನಿದ್ದಾಗ ಅಜ್ಜಿ ಅಡುಗೆಮನೆಯಿಂದ ಕಿತ್ತಳೆಹಣ್ಣು ಎಸೀತಿದ್ಲು, ನಾನು ಈ ಅಂಗಳದಲ್ಲಿ ನಿಂತು ಹಿಡೀತಿದ್ದೆ. ಆವತ್ತಿಂದ ಅಷ್ಟೇ. ಎಸೆದಿದ್ದು ಹಿಡಿಯೋದು. ಅದೂ ಇಲ್ಲ ಅಂದ್ರೆ... ಬಿಡಿ.

ಇನ್ನೊಂದು ಪೆಟ್ಟು ಅದೇ ಜಾಗಕ್ಕೆ ಬಿದ್ರೆ ಏನಾಗುತ್ತೆ ಅಂತ ನನಗೂ ಗೊತ್ತು. ಯಾಕೆ ಗೊತ್ತಿರಲ್ಲ? ಓಹಾಯೋದಲ್ಲಿ ನಿಮ್ಮ ಕೈಕೆಳಗೆ ಆಡ್ತಾ ಅದೇ ಜಾಗಕ್ಕೆ ಎರಡು ಸಲ ಪೆಟ್ಟು ತಿಂದ ಆ ಹುಡುಗನ ಕಥೆ ನೀವೇ ಹೇಳಿದ್ದು. ತೋಳು ಎತ್ತಿ ಸ್ವಂತ ಮಗಳನ್ನ ಎತ್ಕೊಳ್ಳೋಕಾಗಲ್ಲ ಅಂತ. ಆದ್ರೆ ಅದು ಅವನು. ನನ್ನದು ಎರಡು ದಿನದ ಜೋಮು. ಹೋಯ್ತು.

ಹಾಗಾಗಿ... ಉಳಿದಿದ್ದು ಒಂದೇ ಜಾಗ. ಒಂದು, ನಾನು. ಟ್ರೇಲನ್ ಗಿಲ್ರಿ. ಸಂಕೋಚ ಇಲ್ಲದೆ ಹೇಳ್ತೀನಿ. ಮಾರ್ಲೊನಷ್ಟು ಓಡಲ್ಲ, ಐಸೇಯಾನಷ್ಟು ಉದ್ದ ಇಲ್ಲ, ಆದ್ರೆ ಈ ಎರಡು ಕೈ ಹತ್ತು ವರ್ಷ ಬಾಳಿಕೆ ಬರುತ್ತೆ. ಫೋನ್ ಬಂದಾಗ ಹಾಗೇ ಹೇಳಿ. ಕೋಣೇಲಿ ಎಷ್ಟನೆಯವನು ಅಂತ ಕೇಳೇ ಕೇಳ್ತಾರೆ. ಒಂದು ಅನ್ನಿ. ಒಂದೇ ಪದ. ನಿಮಗೇನು ಕಷ್ಟ ಅದರಲ್ಲಿ?

ಕೋಚ್?

ಎಲ್ಲಿ ನೋಡ್ತಿದೀರಿ... ಅಯ್ಯೋ, ರಕ್ತ. ಪೇಪರೆಲ್ಲಾ ಆಗಿದೆ. ಜೋಳದ ಮೇಲೂ ಆಗಿದೆ ನೋಡಿ. ಮತ್ತೆ ಗೀರ್ಕೊಂಡ್ರಾ? ಹೇಳಿದ್ನಲ್ಲ, ಕೊಂಡಿ ಹತ್ರ ಹುಷಾರು ಅಂತ. ಕೈ ಕೊಡಿ. ಹಾಲಿನ ಲೋಟ ಎಲ್ಲಿ? ಆ ಕೈ ತೋರಿಸಿ. ಇದರಲ್ಲಿ ಇಲ್ಲ... ಇನ್ನೊಂದು. ಇದರಲ್ಲೂ ಇಲ್ಲ. ಮತ್ತೆ ಎಲ್ಲಿಂದ ಇಷ್ಟು...

ಓ.

ನಂದು.

ಹ್ಞಾಂ, ನಂದೇ. ಹೆಬ್ಬೆರಳು. ಎಡಗೈದು. ಚಿಪ್ಪು ಕೊಯ್ದಿದೆ. ಆಳಕ್ಕೇ ಹೋಗಿದೆ ಅಲ್ವಾ? ಖಾರ ಎಲ್ಲಾ ಒಳಗೆ... ಸ್ಸ್. ಅಪ್ಪಾ, ಉರಿ. ಭಾರೀ ಉರಿ. ಮಾತಿನ ಭರಾಟೇಲಿ ಗೊತ್ತೇ ಆಗಲಿಲ್ಲ ನೋಡಿ. ಈಗ ಉರೀತಿದೆ. ಸ್ಸ್... ನಂಬಲ್ವಾ? ಉರೀತಿದೆ ಅಂತ ಹೇಳ್ತಾ ಇದೀನಲ್ಲ.

 ಬೈಯಿರಿ. ಮೈದಾನದಲ್ಲಾದ್ರೆ ಟೋಪಿ ನೆಲಕ್ಕೆ ಬಡಿದು ಕೂಗಾಡ್ತಿದ್ರಿ. 

ಸರಿ. ಪರೀಕ್ಷೆ ಮಾಡಿ. ಆ ಡಾಕ್ಟರ್ ಮಾಡಿದ ಹಾಗಲ್ಲ, ಅವರು ಕಣ್ಣು ಮುಚ್ಚು ಅನ್ನಲಿಲ್ಲ. ನಾನೇ ಮುಚ್ತೀನಿ. ಎಡಗೈ ಇಲ್ಲಿಟ್ಟಿದೀನಿ, ಮೇಜಿನ ಮೇಲೆ. ಒರೆಸಿದೀನಿ. ಬೆರಳು ಅಗಲ ಮಾಡಿದೀನಿ. ನೀವು ಯಾವುದಾದ್ರೂ ಒಂದು ಬೆರಳು ಮುಟ್ಟಿ, ಯಾವುದು ಅಂತ ನಾನು ಹೇಳ್ತೀನಿ. ಸರಿಯಾಗಿ ಹೇಳಿದ್ರೆ ನಾನು ಒಂದು. ಮಾತು ಕೊಡಿ. ಸುಮ್ಮನಿದ್ರೆ ಕೊಟ್ಟ ಹಾಗೇ.

ಮುಚ್ಚಿದೆ. ಕದ್ದು ನೋಡ್ತಿಲ್ಲ.

ಮುಟ್ಟಿ.

ಅವಸರ ಇಲ್ಲ, ಯೋಚನೆ ಮಾಡಿಯೇ ಮುಟ್ಟಿ. ಕಿರುಬೆರಳು ಮುಟ್ಟಿ ಸುಲಭ ಮಾಡಬೇಡಿ ಮತ್ತೆ. ಯಾವುದು ಮುಟ್ಟಬೇಕು ಅಂತ ನಿಮಗೆ ಗೊತ್ತು. ಕಿಟಕಿ ಬೆರಳು. ಅದನ್ನೇ ಮುಟ್ಟಿ... ಕಾಯ್ತಿದೀನಿ ಕೋಚ್.

ಐಸೇಯಾ ಇದೇ ಆಟ ಆಡಿಸ್ತಾನೆ ನನ್ನ ಜೊತೆ, ಕಾಲೇಜು ಬಸ್ಸಿನಲ್ಲಿ. ಅವನೂ ಹೀಗೇ, ತುಂಬಾ ಹೊತ್ತು ಕಾಯಿಸ್ತಾನೆ. ಆಮೇಲೆ, ಸರಿಯಾಗಿ ಹೇಳಿದೆ ಅಣ್ಣಾ, ಅಂತಾನೆ. ಪ್ರತಿ ಸಲ ಸರಿಯಾಗಿ ಹೇಳಿದೆ ಅಂತಾನೆ. ಆ ಹುಡುಗನಿಗೆ ಸುಳ್ಳು ಹೇಳೋಕೇ ಬರಲ್ಲ, ಧ್ವನಿ ನಡುಗುತ್ತೆ.

ಚರ್ಚಿನ ಪ್ರಾರ್ಥನೆ ಮುಗಿದಿರುತ್ತೆ. ಅಜ್ಜಿ ಬರೋ ಹೊತ್ತು. ಮುಟ್ಟಿ ಬೇಗ.

ಇನ್ನೂ ಮುಟ್ಟಲಿಲ್ವಾ?

ಮನಸ್ಸಾಗ್ತಿಲ್ವಾ? ಹೆದರಬೇಡಿ. ನಾನೇನೂ ಅಂದ್ಕೊಳ್ಳಲ್ಲ. ಕೋಚ್... ಯಾಕೆ ಉಸಿರು ಬಿಡ್ತಿಲ್ಲ ನೀವು? ಅಳ್ತಿದೀರಾ? ಕಣ್ಣು ತೆಗೀಲಾ? ತೆಗೀತೀನಿ.

ಓ.

ಹಿಡ್ಕೊಂಡಿದೀರಾ.

ಎರಡೂ ಕಿಟಕಿ ಬೆರಳು. ಹಿಡ್ಕೊಂಡೇ ಇದೀರಾ. ಇಷ್ಟು ಬಿಗಿಯಾಗಿ... ನಿಮ್ಮ ಉಗುರೆಲ್ಲಾ ಬಿಳಿಚಿದೆ ಕೋಚ್.

ಯಾವಾಗಿಂದ?

ಹೇಳಬೇಡಿ. ಬೇಡ.

ಫೋನು. ನಿಮ್ಮ ಫೋನು ಅದು. ಅವರೇ ಇರಬೇಕು. ಬಲಗೈಲಿ ತಗೊಳ್ಳಿ, ಒರೆಸ್ಕೊಂಡು. ಈ ಬೆರಳನ್ನ ಇನ್ನೂ ಸ್ವಲ್ಪ ಹೊತ್ತು ಬಿಡಬೇಡಿ, ನೋಡೋಕಾದ್ರೂ ಚೆನ್ನಾಗಿದೆ. ಕೋಣೆಯ ಸಾಲು ಕೇಳ್ತಾರೆ. ಒಂದು ಐಸೇಯಾ. ಎರಡು ಕೋಡಿ. ಮೂರು... ಮೂರು ಮಾರ್ಲೊ ಅನ್ನಿ, ಪಾಪ.

ಇಲ್ಲ, ಅಷ್ಟೇ. ನಮ್ಮ ಕೋಣೇಲಿ ಮೂರೇ ಜನ. ಮೆಲ್ಲಗೆ ಮಾತಾಡಿ, ಗೇಟಿನ ಹತ್ರ ಅಜ್ಜಿ ಬಂದ್ಲು.